ನಿಲ್ದಾಣದ ನೆಲದ ಮುಚ್ಚಳಗಳು

ರೈಲು ನಿಲ್ದಾಣವನ್ನು ಹೊಕ್ಕ ಪ್ರಯಾಣಿಕನ ದೃಷ್ಟಿ ಗಡಿಯಾರದ ಮೇಲೋ ಟಿಕೆಟ್ಟಿನ ಕಿಂಡಿಯ ಮೇಲೋ ಇರುತ್ತದೆಯೇ ಹೊರತು ಕಾಲ ಕೆಳಗಿನ ಮುಚ್ಚಳದ ಮೇಲೆ ಇರುವುದಿಲ್ಲ. ಇರಬೇಕಾದ ಪ್ರಸಂಗವೂ ಬರಬಾರದು. ನೀರಿನ ಕೊಳವೆ, ವಿದ್ಯುತ್ ತಂತಿ, ಚರಂಡಿಗಳೆಲ್ಲ ನೆಲದಡಿಯಲ್ಲಿ ಸಾಗುವ ಕಡೆ ದುರಸ್ತಿಗಾಗಿ ಇಳಿಯುವ ಗುಂಡಿಗಳಿರಲೇಬೇಕು. ಗುಂಡಿಗಳಿಗೆ ಮುಚ್ಚಳಗಳೂ ಬೇಕು. ಇವುಗಳ ಬಾಳಿಕೆ ಲೋಹದ ದಪ್ಪವನ್ನು ಅವಲಂಬಿಸಿದೆಯೆಂದು ಅನೇಕರ ಭಾವನೆ. ಅದು ಅರ್ಧ ಸತ್ಯ ಮಾತ್ರ.

ಬಲದ ಪ್ರಶ್ನೆ ಬಹುಮಟ್ಟಿಗೆ ಇತ್ಯರ್ಥವಾದುದೇ. ಎರಕದ ಕಬ್ಬಿಣದ ಮುಚ್ಚಳಗಳನ್ನು ಕುರಿತ ಭಾರತೀಯ ಮಾನಕ 1726ರ 1991ರ ಆವೃತ್ತಿಯು ಅವುಗಳನ್ನು 2.5, 10, 20 ಮತ್ತು 35 ಟನ್ನುಗಳೆಂದು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಹಳೆಯ ಬೂದು ಎರಕದಲ್ಲಿ ಗ್ರಾಫೈಟು ಪದರುಗಳಾಗಿ ಹರಡಿರುವುದರಿಂದ ಪೆಟ್ಟು ಬಿದ್ದರೆ ಬಿರುಕು ಸುಲಭವಾಗಿ ಸಾಗುತ್ತದೆ. 1940ರ ದಶಕದಲ್ಲಿ ಬಂದ ಡಕ್ಟೈಲ್ ಕಬ್ಬಿಣದಲ್ಲಿ ಅದು ಸಣ್ಣ ಗೋಲಿಗಳಂತೆ ಕೂಡುವುದರಿಂದ ಬಿರುಕಿಗೆ ಅಂಥ ದಾರಿ ದೊರೆಯದು.

ಆದರೆ ಮುಚ್ಚಳವು ಮುರಿಯುವುದಕ್ಕೆ ಬಹಳ ಮೊದಲೇ ಅಲುಗಾಡತೊಡಗುತ್ತದೆ. ಅದು ಕುಳಿತುಕೊಳ್ಳುವ ಚೌಕಟ್ಟಿನ ಅಂಚಿನಲ್ಲಿ ಒಂದು ಕಾಳು ಮರಳು ಸಿಕ್ಕಿಕೊಂಡರೆ ಸಾಕು. ನಾಲ್ಕು ಮೂಲೆಗಳಲ್ಲಿ ಒಂದು ಮೇಲೇಳುತ್ತದೆ. ಸಾಮಾನು ತುಂಬಿದ ಕೈಗಾಡಿಯ ಸಣ್ಣ ಗಟ್ಟಿ ಚಕ್ರ ಹಾಯ್ದಾಗಲೆಲ್ಲ ಕಬ್ಬಿಣವು ಕಬ್ಬಿಣಕ್ಕೆ ಬಡಿದು ಅಂಚು ಸವೆಯುತ್ತದೆ, ಚೌಕಟ್ಟಿನ ಸುತ್ತಣ ಗಾರೆ ಸಡಿಲಗೊಳ್ಳುತ್ತದೆ. ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಅಲುಗದೆ ಕೂಡುವುದನ್ನು ನಮ್ಮ ಹಳ್ಳಿಯ ಹೆಣ್ಣುಮಕ್ಕಳೆಲ್ಲ ಬಲ್ಲರು. ಅದೇ ತತ್ತ್ವದಿಂದ ಚೌಕ ಮುಚ್ಚಳವನ್ನು ಎರಡು ತ್ರಿಕೋನಗಳಾಗಿ ಎರಕ ಹೊಯ್ಯುವ ಪದ್ಧತಿಯೂ ಉಂಟು.

ನಿಲ್ದಾಣಗಳ ಒಳಗೆ ಸೌಂದರ್ಯಕ್ಕಾಗಿ ತಟ್ಟೆಯಂಥ ಮುಚ್ಚಳದಲ್ಲಿ ಗಾರೆ ತುಂಬಿ ನೆಲದ ಕಲ್ಲನ್ನೇ ಕೂಡಿಸುತ್ತಾರೆ. ನುಣುಪಾಗಿ ಸವೆದು ಮಳೆಯಲ್ಲಿ ಜಾರುವ ಲೋಹಕ್ಕಿಂತ ಇದು ಲೇಸು. ಆದರೆ 60 ಸೆಂಟಿಮೀಟರ್ ಚೌಕದಲ್ಲಿ 8 ಸೆಂಟಿಮೀಟರ್ ಆಳದ ತುಂಬುವಿಕೆಯೇ ಸುಮಾರು 70 ಕಿಲೋ ತೂಗುತ್ತದೆ. ತಕ್ಕ ಎತ್ತುಗೋಲಿಲ್ಲದ ಕೆಲಸಗಾರ ಹಾರೆಯಿಂದ ಮೀಟುತ್ತಾನೆ. ಕಲ್ಲಿನ ಅಂಚು ಒಡೆಯುತ್ತದೆ. ತಪ್ಪು ಅವನದಲ್ಲ, ಎತ್ತುವ ಬಗೆಯನ್ನು ಯೋಚಿಸದೆ ನಕ್ಷೆ ಬರೆದವರದು.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಜಪಾನಿನ ಸೈಯಿಚಿ ಮಿಯಾಕೆ 1965ರಲ್ಲಿ ಅಂಧರಿಗಾಗಿ ಉಬ್ಬು ಹಾಸುಗಲ್ಲನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದ ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಅದನ್ನು ಮೊದಲು ಹಾಸಲಾಯಿತು. ಗೀರುಗಳಿದ್ದರೆ ಮುಂದೆ ನಡೆಯಬಹುದು, ಬೊಟ್ಟುಗಳಿದ್ದರೆ ಎಚ್ಚರದಿಂದ ನಿಲ್ಲಬೇಕು. 2011ರಲ್ಲಿ ಸಂಚಾರ ಆರಂಭಿಸಿದ ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿಯೂ ಇಂಥ ಹಾಸುಗಲ್ಲಿನ ಪಟ್ಟಿಗಳಿವೆ. ಇಂಥ ಪಟ್ಟಿಯ ನಡುವೆ ಚೌಕ ಮುಚ್ಚಳವೊಂದು ಬಂದಿತೆನ್ನಿ. ತೆರೆದವರು ಅದನ್ನು ಕಾಲು ಸುತ್ತು ತಿರುಗಿಸಿ ಮುಚ್ಚಿದರೆ ಗೀರುಗಳು ಅಡ್ಡವಾಗುತ್ತವೆ. ಕಣ್ಣುಳ್ಳವರಿಗೆ ಅದು ಅಂದಗೇಡು. ಕೋಲಿನಿಂದ ದಾರಿ ಓದುವವನಿಗೆ ದಾರಿಯೇ ಅಲ್ಲಿಗೆ ಮುಗಿದಂತೆ.

ಗುಂಡಿಯನ್ನೇ ಪಟ್ಟಿಯಿಂದ ದೂರವಿಡುವುದು ಮೊದಲ ಉಪಾಯ. ಅದು ಅಶಕ್ಯವಾದಲ್ಲಿ ಉದ್ದಚೌಕದ ಮುಚ್ಚಳವನ್ನು ಬಳಸಬೇಕು. ಅದನ್ನು ಹೇಗೆ ಕೂಡಿಸಿದರೂ ಗೀರುಗಳ ದಿಕ್ಕು ಕೆಡುವುದಿಲ್ಲ. ಮುಚ್ಚಳಕ್ಕೂ ಚೌಕಟ್ಟಿಗೂ ಒಂದೇ ಅಂಕೆಯನ್ನು ಕೆತ್ತಿದ್ದರೆ ಒಂದರದು ಇನ್ನೊಂದಕ್ಕೆ ಹೋಗದು. ಇನ್ನು ಉಳಿಯುವುದು, ಪ್ರತಿ ಬಾರಿ ಮುಚ್ಚುವ ಮುನ್ನ ಚೌಕಟ್ಟಿನ ಅಂಚನ್ನು ಕುಂಚದಿಂದ ಗುಡಿಸಿ ಗ್ರೀಸು ಸವರುವ ಕೆಲಸ. ಗುತ್ತಿಗೆಯ ಪತ್ರದಲ್ಲಿ ಅದಕ್ಕೊಂದು ಸಾಲು ಮೀಸಲಿಟ್ಟಿರಬೇಕು, ಅಷ್ಟೆ.