ಸಕ್ಕರೆ ಅಚ್ಚು: ಮರದಿಂದ ಪ್ಲಾಸ್ಟಿಕ್ಕಿಗೆ

ಸಂಕ್ರಾಂತಿಯಂದು ಎಳ್ಳು ಬೀರುವ ತಟ್ಟೆಯಲ್ಲಿ ಸಕ್ಕರೆ ಅಚ್ಚಿಗೆ ವಿಶಿಷ್ಟ ಸ್ಥಾನವಿದೆ. ಪಾಕ ಹೊಯ್ಯುವ ಸಾಧನಕ್ಕೂ ಅದರಿಂದ ಹೊರಬರುವ ತಿನಿಸಿಗೂ ಕನ್ನಡದಲ್ಲಿ ‘ಅಚ್ಚು’ ಎಂಬ ಒಂದೇ ಹೆಸರಿರುವುದು ಗಮನಾರ್ಹ. ಸಾಧನದ ಮೈಮೇಲಿನ ಗೀರೆಲ್ಲವೂ ತಿನಿಸಿನ ಮೈಗೆ ಇಳಿಯುತ್ತದೆ.

ಸಾಂಪ್ರದಾಯಿಕ ಅಚ್ಚು ಮರದ್ದು. ಪರಸ್ಪರ ಕೂಡುವ ಹೋಳುಗಳಲ್ಲಿ ಗಿಳಿ, ಹಂಸ, ಆನೆ, ತುಳಸಿಕಟ್ಟೆಗಳನ್ನು ತಗ್ಗಾಗಿ ಕೆತ್ತಿರುತ್ತಾರೆ. ಹೋಳುಗಳನ್ನು ಮೊದಲು ನೀರಿನಲ್ಲಿ ನೆನೆಸಿ, ದಾರದಿಂದ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹೊಯ್ಯುವುದು ರೂಢಿ. ನೆನೆದ ಮರ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಕ್ಕರೆ ಅದಕ್ಕೆ ಅಂಟದು. ಉಳಿ ಬಿಟ್ಟ ಸಣ್ಣಪುಟ್ಟ ಒರಟನ್ನೂ ಆ ನೀರಿನ ಪದರ ಮರೆಸುತ್ತದೆ. ಕೆತ್ತನೆಗಾರನ ಕೌಶಲದ ಒಂದು ಪಾಲು ಹೀಗೆ ಗೃಹಿಣಿಯ ಕೈಯಲ್ಲಿತ್ತೆನ್ನಬೇಕು.

ಪ್ಲಾಸ್ಟಿಕ್ ಹಾಗೆ ನೀರು ಕುಡಿಯುವುದಿಲ್ಲ. ಅಲ್ಲಿ ನುಣುಪೇ ಎಲ್ಲ ಹೊಣೆಯನ್ನೂ ಹೊರಬೇಕು. ಒರಟು ಉಳಿದರೆ ಬಿಡಿಸುವಾಗ ಗಿಳಿಯ ಕೊಕ್ಕು ಮುರಿಯುತ್ತದೆ. ಕೊಕ್ಕು ಮುರಿದ ಗಿಳಿಯನ್ನು ಯಾರೂ ಬೀರಲಾರರು. ಅದು ಮನೆಯ ಮಕ್ಕಳ ಪಾಲು! ಗೀರಿನಲ್ಲಿ ಕುಳಿತ ಸಕ್ಕರೆಯನ್ನು ತೊಳೆದು ತೆಗೆಯುವುದೂ ಕಷ್ಟ.

ಯಶವಂತಪುರದಾಚೆಯ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಯಂತ್ರಶಾಲೆಗಳಿಗೆ ಲೋಹ ಕಡೆಯುವುದು ನಿತ್ಯದ ಕೆಲಸ. ಪ್ಲಾಸ್ಟಿಕ್ಕಿನ ಗುಣವೇ ಬೇರೆ. ಅದು ಶಾಖವನ್ನು ಬೇಗ ಸಾಗಿಸದು. ಕಾವು ಅಲಗಿನ ಬಳಿಯೇ ನಿಂತು, ಕರಗಿದ ಚೂರುಗಳು ಮತ್ತೆ ಮೈಗೆ ಮೆತ್ತಿಕೊಳ್ಳುತ್ತವೆ. ಆದಕಾರಣ ಅಲಗು ಅತಿ ಹರಿತವಾಗಿರಬೇಕು, ಚೂರುಗಳನ್ನು ಗಾಳಿಯಿಂದ ಕೂಡಲೇ ಊದಿ ತೆಗೆಯಬೇಕು. ದುಂಡು ತುದಿಯ ಕಟ್ಟರ್ ಉತ್ತ ಹೊಲದಂತೆ ಸಾಲುಗಳ ನಡುವೆ ದಿಂಡು ಉಳಿಸುತ್ತದೆ. 6 ಮಿ.ಮೀ. ವ್ಯಾಸದ ಕಟ್ಟರನ್ನು 0.5 ಮಿ.ಮೀ. ಅಂತರದಲ್ಲಿ ಓಡಿಸಿದರೆ ದಿಂಡಿನ ಎತ್ತರ ಸುಮಾರು 0.01 ಮಿ.ಮೀ.; ಅಂತರವನ್ನು ಅರ್ಧಕ್ಕಿಳಿಸಿದರೆ ಎತ್ತರ ಕಾಲುಭಾಗಕ್ಕಿಳಿಯುತ್ತದೆ, ಕೆಲಸದ ಹೊತ್ತು ಮಾತ್ರ ಇಮ್ಮಡಿಯಾಗುತ್ತದೆ. ಮರಳು ಕಾಗದದ ದಾರಿ ಸುಲಭವೆನಿಸಿದರೂ ಪಾಲಿಥೀನಿನಂತಹ ಮೆದು ಪ್ಲಾಸ್ಟಿಕ್ಕು ಉಜ್ಜಿದಷ್ಟೂ ನವಿರು ಎಳೆ ಏಳುತ್ತದೆ.

ಪ್ಲಾಸ್ಟಿಕ್ಕಿನ ಆಯ್ಕೆಯಲ್ಲೂ ಎಚ್ಚರ ಬೇಕು. ಪಾಕದ ಕಾವು ನೀರಿನ ಕುದಿಬಿಂದುವನ್ನು ಮೀರಿರುತ್ತದೆ. ಅಕ್ರಿಲಿಕ್ ಆ ಕಾವಿಗೆ ಮೆತ್ತಗಾಗಬಹುದು. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಪಾಲಿಪ್ರೊಪಿಲೀನ್ ತಾಳುತ್ತದೆ, ಆದರೆ ಅದು ಆಹಾರಯೋಗ್ಯ ದರ್ಜೆಯದಾಗಿರಬೇಕು.

ಇಷ್ಟಾದರೂ ತಿರುಗುವ ಕಟ್ಟರ್ ಒಳಮೂಲೆಯನ್ನು ದುಂಡಾಗಿಯೇ ಬಿಡುತ್ತದೆ. ಗಿಳಿಯ ರೆಕ್ಕೆಯ ಚೂಪುಗೆರೆ ಮೂಡಬೇಕಾದರೆ ಅಲ್ಲಿ ಮತ್ತೆ ಕೈಯಿಂದಲೇ ಹೆರೆಯಬೇಕಾಗುತ್ತದೆ.