ಪಾಪಾ ವೆಸ್ಟ್ರೇ: ಒಂದೂವರೆ ನಿಮಿಷದ ವಿಮಾನಯಾನದ ಊರು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದೊಂದು ರನ್‌ವೇ 4 ಕಿ.ಮೀ. ಉದ್ದವಿದೆ. ಸ್ಕಾಟ್ಲೆಂಡ್‌ನ ಉತ್ತರ ತುದಿಯಾಚೆಗಿರುವ ಆರ್ಕ್ನಿ ದ್ವೀಪಗಳಲ್ಲಿ ಒಂದು ವಿಮಾನ ಮಾರ್ಗದ ಇಡೀ ದೂರವೇ ಅಷ್ಟಿಲ್ಲ, ಬರೀ 2.7 ಕಿ.ಮೀ. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಲೋಗನ್‌ಏರ್ ಸಂಸ್ಥೆ 1967ರಿಂದ ನಡೆಸುತ್ತಿರುವ ಈ ಹಾರಾಟ ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ವಿಮಾನಯಾನ ಎಂದು ಗಿನ್ನೆಸ್ ದಾಖಲೆ ಸೇರಿದೆ.

ವೇಳಾಪಟ್ಟಿಯಲ್ಲಿ ಇದಕ್ಕಿರುವ ಸಮಯ ಎರಡು ನಿಮಿಷ. ಸಾಮಾನ್ಯವಾಗಿ ಒಂದೂವರೆ ನಿಮಿಷ ಸಾಕು. 53 ಸೆಕೆಂಡಿನಲ್ಲಿ ತಲುಪಿದ ದಾಖಲೆಯೂ ಇದೆ. ಇಲ್ಲಿ ಹಾರುವುದು ಎಂಟು ಪ್ರಯಾಣಿಕರ, ಎರಡು ಎಂಜಿನ್‌ಗಳ ಪುಟ್ಟ 'ಐಲ್ಯಾಂಡರ್' ವಿಮಾನ. ಗಂಟೆಗೆ ಸುಮಾರು 240 ಕಿ.ಮೀ. ವೇಗದಲ್ಲಿ ಹೋದರೆ 2.7 ಕಿ.ಮೀ.ಗೆ 40 ಸೆಕೆಂಡು ಸಾಕು. ಆದರೆ ಏರುವಾಗ, ಇಳಿಯುವಾಗ ಅಷ್ಟು ವೇಗ ಸಿಗದು. ಅದೂ ಅಲ್ಲದೆ ವಿಮಾನ ಆದಷ್ಟು ಮಟ್ಟಿಗೆ ಗಾಳಿಗೆ ಎದುರಾಗಿಯೇ ಏರಬೇಕು, ಇಳಿಯಬೇಕು. ಗಾಳಿ ಪಕ್ಕದ ದ್ವೀಪದ ಕಡೆಯಿಂದ ಬೀಸಿದರೆ ನೇರ ದಾರಿ. ದಿಕ್ಕು ತಪ್ಪಿದರೆ ಸಮುದ್ರದ ಮೇಲೆ ಒಂದು ಸುತ್ತು ಹಾಕಿಯೇ ಇಳಿಯಬೇಕು. ನಕ್ಷೆಯಲ್ಲಿ ಎರಡು ನಿಲ್ದಾಣಗಳ ನಡುವೆ ಎಳೆದ ಗೆರೆ ಎಂದೂ ಬದಲಾಗದು, ಗಡಿಯಾರ ಮಾತ್ರ ದಿನಕ್ಕೊಂದು ಲೆಕ್ಕ ಹೇಳುತ್ತದೆ.

ಇಷ್ಟು ದೂರಕ್ಕೆ ವಿಮಾನವೇಕೆ? ನಿಜವಾಗಿ ಇದು ಆರ್ಕ್ನಿಯ ಮುಖ್ಯ ಪಟ್ಟಣ ಕಿರ್ಕ್‌ವಾಲ್‌ನಿಂದ ಹೊರಡುವ ಮಾರ್ಗದ ಒಂದು ತುಂಡು. ನಮ್ಮ ಹಳ್ಳಿ ಬಸ್ಸು ಊರೂರಿಗೂ ನಿಂತು ಹೋಗುವಂತೆ ವಿಮಾನ ಎರಡು ದ್ವೀಪಗಳನ್ನೂ ಮುಟ್ಟಿ ಹಿಂದಿರುಗುತ್ತದೆ. ಕಿರ್ಕ್‌ವಾಲ್‌ನಿಂದ ಪಾಪಾ ವೆಸ್ಟ್ರೇಗೆ ನೇರ ಅಂತರ ಸುಮಾರು 44 ಕಿ.ಮೀ.; ದೋಣಿಗಾದರೆ ಗಂಟೆಗಟ್ಟಲೆ ದಾರಿ. ಶಿಕ್ಷಕರು, ವೈದ್ಯರು, ವಿದ್ಯಾರ್ಥಿಗಳು, ಪಟ್ಟಣದಲ್ಲಿ ಕೆಲಸವಿರುವ ದ್ವೀಪವಾಸಿಗಳು ಇದನ್ನೇ ನೆಚ್ಚಿಕೊಂಡಿದ್ದಾರೆ. ದಾಖಲೆ ಇವರ ನಿತ್ಯದ ಓಡಾಟದ ನಡುವೆ ತಾನಾಗಿ ಒದಗಿದ್ದು.

ಸ್ಥಳೀಯರು 'ಪಾಪೇ' ಎಂದು ಕರೆಯುವ ಈ ದ್ವೀಪದ ವಿಸ್ತೀರ್ಣ ಸುಮಾರು 9 ಚದರ ಕಿ.ಮೀ. 2011ರ ಜನಗಣತಿಯಲ್ಲಿ ಇಲ್ಲಿದ್ದವರು 90 ಮಂದಿ. ಅಂಗಡಿ, ಹಾಸ್ಟೆಲ್ ಎರಡನ್ನೂ ಊರವರ ಸಹಕಾರ ಸಂಘವೇ ನಡೆಸುತ್ತದೆ. ಪಶ್ಚಿಮ ದಂಡೆಯಲ್ಲಿರುವ 'ನ್ಯಾಪ್ ಆಫ್ ಹೋವರ್' ಎಂಬ ಜೋಡಿ ಕಲ್ಲುಮನೆಗಳಲ್ಲಿ ಕ್ರಿ.ಪೂ. 3700ರ ಸುಮಾರಿಗೇ ರೈತರು ಬಾಳಿದ್ದರು. ಉತ್ತರ ಯೂರೋಪಿನಲ್ಲಿ ಇನ್ನೂ ಗೋಡೆ ಸಮೇತ ನಿಂತಿರುವ ಅತ್ಯಂತ ಹಳೆಯ ಮನೆಗಳಲ್ಲಿ ಇವು ಸೇರುತ್ತವೆ. ತಲೆ ಬಗ್ಗಿಸಿ ಒಳಗೆ ಹೋದರೆ ಧಾನ್ಯ ಬೀಸುತ್ತಿದ್ದ ಕಲ್ಲೂ ಕಾಣಸಿಗುತ್ತದೆ.

ಉತ್ತರ ತುದಿಯ 'ನಾರ್ತ್ ಹಿಲ್' ಪಕ್ಷಿಧಾಮದಲ್ಲಿ ಬೇಸಿಗೆಯಲ್ಲಿ ಆರ್ಕ್ಟಿಕ್ ಟರ್ನ್ ಹಕ್ಕಿಗಳು ಗೂಡು ಕಟ್ಟುತ್ತವೆ. ಮೊಟ್ಟೆಗಳ ಹತ್ತಿರ ಸುಳಿದವರ ನೆತ್ತಿಗೆ ಕುಕ್ಕುತ್ತವೆ. ಹಾರಲಾರದ 'ಗ್ರೇಟ್ ಆಕ್' ಎಂಬ ದೊಡ್ಡ ಕಡಲಹಕ್ಕಿಯನ್ನು 1813ರಲ್ಲಿ ಗುಂಡಿಟ್ಟು ಕೊಂದದ್ದೂ ಇಲ್ಲಿಯೇ. ಕೆಲವೇ ದಶಕಗಳಲ್ಲಿ ಆ ಹಕ್ಕಿಯ ಸಂತತಿಯೇ ಜಗತ್ತಿನಿಂದ ಅಳಿಯಿತು.

ಹೋಗುವುದು ಹೇಗೆ: ಎಡಿನ್‌ಬರೊ, ಅಬರ್ಡೀನ್‌ನಿಂದ ಕಿರ್ಕ್‌ವಾಲ್‌ಗೆ ವಿಮಾನವಿದೆ, ಅಲ್ಲಿಂದ ಮುಂದೆ ಈ ಪುಟ್ಟ ವಿಮಾನ. ಎಂಟೇ ಆಸನಗಳಿರುವುದರಿಂದ ಮೊದಲೇ ಕಾಯ್ದಿರಿಸಬೇಕು. ವೆಸ್ಟ್ರೇಯಿಂದ ದೋಣಿಯೂ ಉಂಟು. ಮೇಯಿಂದ ಜುಲೈವರೆಗೆ ಹಗಲು ದೀರ್ಘ, ಹಕ್ಕಿಗಳೂ ಹೆಚ್ಚು. ಮಂಜು ಕವಿದರೆ ಹಾರಾಟ ರದ್ದಾಗಬಹುದು, ಆದ್ದರಿಂದ ಮುಂದಿನ ಪ್ರಯಾಣಕ್ಕೆ ಒಂದು ದಿನ ಬಿಡುವಿಟ್ಟುಕೊಂಡು ಹೋಗುವುದು ಒಳ್ಳೆಯದು.