ರಂಗಮಂದಿರವಿದೆ, ತಾಲೀಮಿಗೆ ಜಾಗವೆಲ್ಲಿ?

ಪುಣೆಯ ಬಿಬವೇವಾಡಿ ಕಡೆಯ ಕನ್ನಡಿಗರಿಗೆ ಅಣ್ಣಾಭಾವು ಸಾಠೆ ಸಭಾಗೃಹ ಗೊತ್ತಿರುವ ಜಾಗ. ಅದನ್ನು ನಡೆಸುವುದು ಮಹಾನಗರ ಪಾಲಿಕೆ. 1968ರಲ್ಲಿ ತೆರೆದ ಬಾಲಗಂಧರ್ವ ರಂಗಮಂದಿರವೂ ಪಾಲಿಕೆಯದೇ. ಔಂಧ್‌ನಲ್ಲಿರುವ ಪಾಲಿಕೆಯ ಕಲಾಮಂದಿರಕ್ಕೆ ನಮ್ಮ ಗದಗಿನ ಭೀಮಸೇನ ಜೋಶಿಯವರ ಹೆಸರಿದೆ.

ಇದು ಪಾಲಿಕೆ ಮಾಡುವ ಉಪಕಾರವೇನಲ್ಲ. ಸಂವಿಧಾನದ 74ನೇ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿಯ 18 ವಿಷಯಗಳಲ್ಲಿ ರಸ್ತೆ, ನೀರಿನ ಜೊತೆಗೇ ಸಾಂಸ್ಕೃತಿಕ ಚಟುವಟಿಕೆಗಳ ಉತ್ತೇಜನವೂ ಇದೆ.

ಆದರೆ ನಾಟಕ ಹುಟ್ಟುವುದು ತಾಲೀಮಿನಲ್ಲಿ. ಒಂದು ಸಂಜೆಯ ಪ್ರದರ್ಶನಕ್ಕೆ ವಾರಗಟ್ಟಲೆ ತಾಲೀಮು ಬೇಕು. ಆಫೀಸು ಮುಗಿಸಿ ಬರುವ ಹವ್ಯಾಸಿಗಳಿಗೆ ಬಾಡಿಗೆ ಹಾಲ್ ದುಬಾರಿ. ಟೆರೇಸಿನಲ್ಲಿ ತಬಲಾ ನುಡಿಸಿದರೆ ನೆರೆಯವರ ತಕರಾರು. ಇದಕ್ಕೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಸಂಜೆ ಖಾಲಿಯಾಗುವ ಪಾಲಿಕೆ ಶಾಲೆಯ ಒಂದು ಕೋಣೆ, ಕೈಗೆಟುಕುವ ಬಾಡಿಗೆ, ಭಾಷೆ ನೋಡದೆ ಸರದಿಯ ಪ್ರಕಾರ ಹಂಚಿಕೆ, ಇಷ್ಟಿದ್ದರೆ ಸಾಕು.

ಬಜೆಟ್ಟಿಗೆ ಮುಂಚೆ ವಾರ್ಡಿನ ಕಾಮಗಾರಿಗಳ ಬಗ್ಗೆ ನಾಗರಿಕರ ಸಲಹೆ ಕೇಳುವ ಪದ್ಧತಿಯನ್ನು ಪುಣೆ ಪಾಲಿಕೆ 2006ರಲ್ಲೇ ಶುರು ಮಾಡಿತು. ನಾವು ಸಾಮಾನ್ಯವಾಗಿ ಕೇಳುವುದು ಫುಟ್‌ಪಾತು, ಬೀದಿದೀಪ. ಇನ್ನು ಮುಂದೆ ದೀಪ, ಫ್ಯಾನು ಇರುವ ಒಂದು ತಾಲೀಮು ಕೋಣೆಯನ್ನೂ ಕೇಳೋಣ. ಮರಾಠಿ ತಂಡಗಳಿಗೂ ಇದೇ ಕಷ್ಟವಿದೆ. ಅರ್ಜಿಗೆ ಅವರ ಸಹಿಯೂ ಇದ್ದರೆ ಮಾತಿಗೆ ತೂಕ ಬರುತ್ತದೆ.